ಸೋದರಮಾವ ಹಾಕದ ಗುಡ್ಲು

ನನ್ನ ಮೊಮ್ಮಗಳು ಗೆದ್ದಳು. ನಿನ್ನೆ ಮಧ್ಯಾಹ್ನ ಕೃಷ್ಣಗಿರಿ ಕೋರ್ಟಿನಲ್ಲಿ ತೀರ್ಪಾಯಿತು. ಅವಳು ಚಿಕ್ಕವಳಾಗಿದ್ದಾಗ ಅವಳಿಗೆ ಮಾಡಬಾರದ್ದನ್ನು ಮಾಡಿದವನಿಗೆ ಜೈಲು. ಅವಳು ಹೇಳಿದ್ದೆಲ್ಲ ನಿಜ ಅಂತ ಜಡ್ಜಮ್ಮ ಬಾಯಿಬಿಟ್ಟು ಓದಿ ಹೇಳಿದರು. ಇದನ್ನು ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ನಿಂತೂ ಇಲ್ಲ. ಹೊಸೂರಿಗೆ ವಾಪಸು ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಕೈ ಹಿಡಿದು, "ಗೆದ್ಬುಟ್ಟೋ ಕಣಮ್ಮಾ" ಅಂದುಬಿಟ್ಟೆ. ಗುರುತಿಲ್ಲ, ಪರಿಚಯವಿಲ್ಲ. ಆಕೆ ಪಾಪ, "ಎಲೆಕ್ಷನ್ನಾ?" ಅಂತ ಕೇಳಿದಳು. ಹಿಂದಿನ ಸೀಟಿನಿಂದ ಮೊಮ್ಮಗಳು ನನ್ನ ತೋಳು ಚಿವುಟಿದಳು.

"ಅಜ್ಜೀ, ಬಾಯಿ ಮುಚ್ಕಂಡ್ ಕೂತ್ಕೋ. ನನ್ನ ಗುರ್ತು ಹೇಳಿದ್ರೆ ನಿನ್ಮೇಲೇ ಕೇಸಾಯ್ತದೆ."

"ಆಗ್ಲಿ ಬಿಡೇ, ಕೋರ್ಟಿನ ದಾರಿ ನಂಗೇನು ಹೊಸದಾ?"

ಆದರೆ ಅವಳು ಹೇಳಿದ್ದು ಸರಿ. ಇಂಥ ಕೇಸಿನಲ್ಲಿ ಮಗುವಿನ ಹೆಸರು, ಮನೆ, ಶಾಲೆ ಯಾವುದನ್ನೂ ಯಾರಿಗೂ ಹೇಳಬಾರದು ಅಂತ ಕಾನೂನಿದೆ. ಅದಕ್ಕೇ ಇಲ್ಲಿ ಯಾರ ಹೆಸರೂ ಇಲ್ಲ. ಬರೆಯಲಾ ಅಂತ ಅವಳನ್ನೇ ಕೇಳಿದೆ. "ಬರಿ. ಬರೀತಾ ಅಳ್ಬೇಡ, ಅಷ್ಟೇ. ನಿಂಗೆ ಕಣ್ಣು ಮೊದ್ಲೇ ಸರಿಯಿಲ್ಲ" ಅಂದಳು. ಅಳು ಎಲ್ಲಿಂದ ಬರಬೇಕು? ನಿನ್ನೆಯಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಿಗ್ಗೆ ಎದ್ದು ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದೆ. ಹಸುವಿಗೆ ನೀರಿಟ್ಟಿದ್ದು ಮರೆತು ಮತ್ತೆ ಇಟ್ಟೆ. ಅದು ನೀರು ಮುಟ್ಟದೆ ನನ್ನ ಮುಖ ನೋಡಿತು. ಈಗಲೂ ನಾಲ್ಕು ಸಾಲು ಬರೆಯುವುದು, ಎದ್ದು ಬಾಗಿಲಿಗೆ ಹೋಗುವುದು, ಬರುವುದು.

ನಮ್ಮದು ಬೇರಿಕೆ ದಾಟಿ ಇನ್ನೂ ಒಳಗೆ, ಕರ್ನಾಟಕದ ಗಡಿಗೆ ಅಂಟಿಕೊಂಡ ಊರು. ಮಗ ಹೊಸೂರಿನ ಕಾರ್ಖಾನೆಗೆ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಾನೆ. ಸೊಸೆ ಪಾಲಿಹೌಸಿನಲ್ಲಿ ರೋಜಾ ಹೂ ಕತ್ತರಿಸುವ ಕೆಲಸಕ್ಕೆ ಹೋಗುತ್ತಾಳೆ. ಮನೆ, ಹಸು, ಒಂದು ತುಂಡು ರಾಗಿ ಹೊಲ ನನ್ನ ಪಾಲು. ಮಗನಿಗೆ ಒಬ್ಬಳೇ ಮಗಳು.

ಸೊಸೆಯ ತವರು ಅಂಚೆಟ್ಟಿ ಕಡೆ, ಕಾಡಿನ ಅಂಚಿನಲ್ಲಿ. ಬಸ್ಸು ಇಳಿದ ಮೇಲೂ ಬೆಟ್ಟ ಹತ್ತಿ ನಡೆಯಬೇಕಾದ ಊರು. ಅಲ್ಲಿಂದ ಅವಳ ತಮ್ಮ ಹೊಸೂರಿನಲ್ಲಿ ಕೆಲಸ ಸಿಕ್ಕಿತು ಅಂತ ಬಂದವನು ನಮ್ಮ ಮನೆಯಲ್ಲೇ ಉಳಿದುಕೊಂಡ. ಅಕ್ಕನ ಮನೆ ಇರುವಾಗ ಬೇರೆ ಎಲ್ಲಿಗೆ ಹೋಗಬೇಕು? ಮಗುವನ್ನು ಅವನೇ ಗಾಡಿಯಲ್ಲಿ ಶಾಲೆಗೆ ಬಿಡುತ್ತಿದ್ದ. ಆಮೇಲೆ ಹೊಸೂರಿನ ಪಕ್ಕದ ಆಲಸನತ್ತಂನಲ್ಲಿ ಜೊತೆಗಾರರೊಂದಿಗೆ ರೂಮು ಮಾಡಿಕೊಂಡು ಹೋದ. ಭಾನುವಾರ ಮಾತ್ರ ಬರುತ್ತಿದ್ದ.

ಸೋದರಮಾವ. ನಮ್ಮಲ್ಲಿ ಆ ಮಾತಿಗೆ ಬಹಳ ತೂಕ. ಮಗುವಿಗೆ ಕಿವಿ ಚುಚ್ಚುವಾಗ ಅವನ ತೊಡೆಯ ಮೇಲೆ ಕೂರಿಸುತ್ತಾರೆ. ಹುಡುಗಿ ದೊಡ್ಡವಳಾದ ದಿನ ಹಸಿರು ಸೊಪ್ಪು ತಂದು ಅಂಗಳದಲ್ಲಿ ಗುಡ್ಲು ಹಾಕುವವನು ಅವನೇ. ಅವನು ಹಾಕಿದ ಆ ಗುಡಿಸಲಿನಲ್ಲಿ ಹುಡುಗಿ ಕೆಲವು ದಿನ ಬೇರೆಯಾಗಿ ಕೂರಬೇಕು. ಅವಳನ್ನು ಮದುವೆಯಾಗುವ ಮೊದಲ ಹಕ್ಕೂ ಅವನದೇ ಅನ್ನುತ್ತಾರೆ. ನನ್ನನ್ನೂ ಸೋದರಮಾವನಿಗೇ ಕೊಟ್ಟಿದ್ದು. ಅವರು ಹಾಕಿದ ಗುಡ್ಲಿನಲ್ಲಿ ಕೂತೆದ್ದು, ಆಮೇಲೆ ಅವರ ಕೈಯಿಂದಲೇ ತಾಳಿ ಕಟ್ಟಿಸಿಕೊಂಡೆ. ತೀರಿಹೋಗುವವರೆಗೂ ಒಂದು ದಿನ ನನ್ನ ಮೇಲೆ ದನಿ ಎತ್ತಿದವರಲ್ಲ. ಹಾಗಾಗಿ ಪದ್ಧತಿಯೇ ಕೆಟ್ಟದ್ದು ಅಂತ ನನ್ನ ಬಾಯಲ್ಲಿ ಬರುವುದಿಲ್ಲ. ಪದ್ಧತಿಯ ನೆರಳಿನಲ್ಲಿ ಬಂದು ಕೂತವನು ಯಾರು ಅಂತ ಮಾತ್ರ ಯಾರೂ ಬಗ್ಗಿ ನೋಡುವುದಿಲ್ಲ.

ಮೊಮ್ಮಗಳು ಆಗ ಏಳನೇ ಕ್ಲಾಸು. ರಾಗಿ ಕೊಯ್ಲಿನ ಕಾಲ. ಶನಿವಾರ ಶಾಲೆಗೆ ರಜೆ. ಹೊಲದಿಂದ ಕುಡಿಯುವ ನೀರಿಗೆ ಅಂತ ಮನೆಗೆ ಬಂದರೆ ಇವಳು ಕೊಟ್ಟಿಗೆಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಲಂಗ ತೊಳೆಯುತ್ತಿದ್ದಾಳೆ.

"ಏನೇ ಅದು?"

"ಏನಿಲ್ಲ ಅಜ್ಜಿ. ಮಣ್ಣು."

"ಮಣ್ಣು ಇಷ್ಟು ಕೆಂಪಗಿರ್ತದಾ?"

"ನಮ್ಮೂರ್ ಮಣ್ಣು ಕೆಂಪೇ ಅಲ್ವಾ?"

ನನಗೆ ನಗು ಬಂತು. ನಗುವಿನ ಹಿಂದೆಯೇ ಹಿಗ್ಗು. "ಅಯ್ಯೋ ನನ್ ಬಂಗಾರ, ದೊಡ್ಡೋಳಾಗ್ಬುಟ್ಯಾ!" ಅಂತ ಬೀದಿಗೆ ಕೇಳುವ ಹಾಗೆ ಕೂಗಲು ಹೋದೆ. ಅವಳು ಸೋಪಿನ ಕೈಯಲ್ಲೇ ನನ್ನ ಬಾಯಿ ಮುಚ್ಚಿದಳು.

"ಯಾರ್ಗೂ ಹೇಳ್ಬ್ಯಾಡ ಅಜ್ಜಿ."

"ಮುಚ್ಚಿಡೋ ವಿಷ್ಯಾನೇನೇ ಇದು? ಮೊದ್ಲು ನಿನ್ ಮಾವಂಗೆ ಫೋನ್ ಮಾಡ್ಬೇಕು. ಸಂಜೆವೊತ್ಗೆ ಗುಡ್ಲು ಏಳ್ಬೇಕು."

"ಮಾವ ಬರೋದು ಬ್ಯಾಡ."

"ಮಾವ ಬರ್ದೆ ಗುಡ್ಲು ಇನ್ಯಾರು ಹಾಕ್ತಾರೆ?"

"ಅವ್ನು ಹಾಕಿದ್ ಗುಡ್ಲೊಳಗೆ ನಾನು ಕೂರಲ್ಲ. ಸತ್ರೂ ಕೂರಲ್ಲ."

ನಾನು ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತೆ. ಕೆದಕಿ ಕೇಳಿದ ಮೇಲೆ ಗೊತ್ತಾಯಿತು, ಅವಳು ದೊಡ್ಡವಳಾಗಿ ಆಗಲೇ ಕೆಲವು ತಿಂಗಳಾಗಿತ್ತು. ಹೇಳಿದರೆ ಮಾವನನ್ನು ಕರೆಸುತ್ತಾರೆ ಅಂತ ಪ್ರತಿ ತಿಂಗಳೂ ಹೀಗೆ ಕೊಟ್ಟಿಗೆಯ ಹಿಂದೆ ಒಬ್ಬಳೇ ತೊಳೆದುಕೊಂಡು ಸುಮ್ಮನಿದ್ದಳು.

ಆಮೇಲೆ ಎಲ್ಲ ಹೇಳಿದಳು. ಏನು ಹೇಳಿದಳು ಅಂತ ನಾನು ಬರೆಯುವುದಿಲ್ಲ. ಹೇಳಬೇಕಾದವರಿಗೆಲ್ಲ ಅವಳು ಹೇಳಿದ್ದಾಳೆ, ಹೇಳಿ ಸಾಕಾಗಿದ್ದಾಳೆ. ಅವನು ನಮ್ಮ ಮನೆಯಲ್ಲಿದ್ದ ಕಾಲದಲ್ಲಿ, ನಾವೆಲ್ಲ ಕೆಲಸಕ್ಕೆ ಹೋದ ಹೊತ್ತಿನಲ್ಲಿ, ಒಂದು ಸಲವಲ್ಲ. ಬಾಯಿಬಿಟ್ಟರೆ ನಿಮ್ಮಮ್ಮ ಬಾವಿಗೆ ಬೀಳುತ್ತಾಳೆ ಅಂತ ಹೆದರಿಸಿ ಇಟ್ಟಿದ್ದ. ಇಷ್ಟು ಸಾಕು.

"ಇಷ್ಟು ದಿನ ಎಂಗವ್ವಾ ಒಬ್ಳೇ ಹೊತ್ಕಂಡಿದ್ದೆ?" ಅಂದೆ. ಅವಳು ಎದ್ದಳು. ಲಂಗ ಹಿಂಡಿ ಹಗ್ಗದ ಮೇಲೆ ಹಾಕಿದಳು.

ನನಗೆ ಏನು ಮಾಡಬೇಕೋ ತೋಚಲಿಲ್ಲ. ಕೈಕಾಲು ಸುಮ್ಮನಿರಲಿಲ್ಲ. ಮಚ್ಚು ತೆಗೆದುಕೊಂಡು ಹೊಲದ ಬದುವಿಗೆ ಹೋದೆ. ಹೊಂಗೆ ಮರದ ಕೊಂಬೆ ಕಡಿದೆ. ಹುಡುಗಿ ದೊಡ್ಡವಳಾಗಿದ್ದಾಳೆ, ಗುಡ್ಲು ಬೇಕು. ಅವನು ಹಾಕಬಾರದು. ಹಾಗಾದರೆ ನಾನೇ ಹಾಕುವುದು. ಅಷ್ಟು ದೂರ ಮಾತ್ರ ನನ್ನ ತಲೆ ಓಡಿದ್ದು. ಸೊಪ್ಪಿನ ಹೊರೆ ಹೊತ್ತು ಬೀದಿಯಲ್ಲಿ ಬರುವಾಗ ಎದುರು ಮನೆಯವಳು ಜಗುಲಿಯ ಮೇಲಿದ್ದಳು. ಯಾರ ಮನೆಯ ಸಾರಿಗೆ ಉಪ್ಪು ಹೆಚ್ಚಾಯಿತು ಅಂತಲೂ ಗೊತ್ತಿರುವವಳು ಅವಳು.

"ಏನಕ್ಕೋ, ಮೇಕೆ ಸಾಕ್ಬುಟ್ಯಾ?"

"ಮೊಮ್ಮಗಳು ದೊಡ್ಡೋಳಾದ್ಲು. ಗುಡ್ಲಿಗೆ."

"ಅಯ್ಯಯ್ಯೋ! ಗುಡ್ಲಿಗೆ ನೀನ್ಯಾಕೆ ಸೊಪ್ಪು ಹೊರ್ತೀಯಾ? ಸೋದರ್ಮಾವ ಗುಂಡ್ಕಲ್ಲಂಗೆ ಅವ್ನೆ. ಫೋನ್ ಮಾಡಿದ್ರೆ ಗಾಡೀಲಿ ಹಾರ್ಕಂಡ್ ಬತ್ತಾನೆ."

"ಅವ್ನು ಬರಲ್ಲ."

"ಬರಲ್ವೋ, ನೀನು ಕರೀಲಿಲ್ವೋ? ಮುದ್ಕಿ ಹಾಕಿದ್ ಗುಡ್ಲು ಎಲ್ಲಾದ್ರೂ ಕಂಡಿದ್ದೀವಾ? ಹಂಗಾದ್ರೆ ಆರ್ತೀನ ನಿಮ್ಮನೆ ಹಸೂನೇ ಎತ್ಲಿ!"

ಆ ಮಾತು ಊರು ಸುತ್ತಿತು. ನಾನು ಗಳ ನೆಡುತ್ತಿದ್ದರೆ ಹೆಂಗಸರು ಗುಂಪಾಗಿ ಬಂದು ನೋಡಿದರು. ಗಳ ಸರಿಯಾಗಿ ನಿಲ್ಲಲಿಲ್ಲ, ಗುಡ್ಲು ಒಂದು ಕಡೆಗೆ ವಾಲಿತು. ನಕ್ಕರು. ಒಳಗೆ ಹೋಗಿ ಕೂತ ಮೊಮ್ಮಗಳೂ ಸೊಪ್ಪಿನ ಸಂದಿಯಿಂದ, "ಅಜ್ಜೀ, ಇದು ನನ್ಮೇಲೆ ಬೀಳ್ತದೆ" ಅಂದಳು. ಅವಳಿಗೂ ನಗು ಬಂದಿತ್ತು.

ಸೊಸೆ ಹೂವಿನ ಕೆಲಸ ಮುಗಿಸಿ ಬಂದಳು. ಅಂಗಳದಲ್ಲಿ ಗುಡ್ಲು ಕಂಡು ಮುಖ ಅರಳಿತು, ಹಾಕಿದ್ದು ನಾನು ಅಂತ ಕೇಳಿ ಮುಖ ಕಪ್ಪಾಯಿತು. "ನನ್ ತಮ್ಮ ಬದ್ಕಿರ್ವಾಗ್ಲೇ ನೀವ್ಯಾಕತ್ತೆ ಗುಡ್ಲು ಹಾಕಿದ್ರಿ? ನನ್ನ ತವ್ರುಮನೆ ಮರ್ಯಾದೆ ಊರ ಮುಂದೆ ತೆಗೀಬೇಕು ಅಂತಾನಾ?"

ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಹೇಳಿದೆ. ಅವಳು ಮೊದಲು "ಸುಳ್ಳು" ಅಂದಳು. ಹಸುವಿನ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ನಿಂತಳು. ಆಮೇಲೆ ಗುಡ್ಲಿನ ಹತ್ತಿರ ಹೋದಳು.

"ಗಾಡೀಲಿ ಹೋಗಲ್ಲ, ಸ್ಕೂಲ್ಗೆ ನಡ್ಕಂಡೇ ಹೋಗ್ತೀನಿ ಅಂತ ಆವಾಗ ಅಳ್ತಿದ್ದೆಯಲ್ಲ. ಅದುಕ್ಕೇನಾ?"

ಒಳಗಿನಿಂದ "ಹೂಂ" ಅಂತ ಬಂತು.

ಗುಡ್ಲಿನಲ್ಲಿ ಕೂತವಳನ್ನು ಯಾರೂ ಮುಟ್ಟಬಾರದು, ತಾಯಿ ಕೂಡ. ತಟ್ಟೆಯನ್ನು ದೂರದಿಂದ ಸರಿಸಬೇಕು. ಸೊಸೆ ಬಗ್ಗಿ ಒಳಗೆ ಹೋದಳು. ಮಗಳನ್ನು ತಬ್ಬಿಕೊಂಡು ಅಲ್ಲೇ ಕೂತಳು. ಇದ್ದ ಗಳವೂ ವಾಲಿತು. ನಾನು ಹೊರಗಿನಿಂದ ಗಳ ಹಿಡಿದು ನಿಂತೆ.

ಮಗ ಷಿಫ್ಟು ಮುಗಿಸಿ ಬಂದು ವಿಷಯ ಕೇಳಿದವನೇ ಆಲಸನತ್ತಂಗೆ ಹೊರಟ. ನಾನು ಬಾಗಿಲಿಗೆ ಅಡ್ಡ ನಿಂತೆ. "ಹೊಡುದ್ರೆ ನೀನು ಒಳಗೋಗ್ತೀಯ, ಅವ್ನು ಹೊರಗಿರ್ತಾನೆ. ಕೂತ್ಕಳಪ್ಪಾ." ಕೂತ. ಆದರೆ ಅವತ್ತಿನಿಂದ ಅವನು ನೆಟ್ಟಗೆ ಕೂತಿದ್ದನ್ನು ನಾನು ನೋಡಿಲ್ಲ.

ಮರುವಾರ ಅಂಚೆಟ್ಟಿ ಕಡೆಯಿಂದ ಸೊಸೆಯ ತಾಯಿ, ಅವರ ಹಿರಿಯರು ಬಂದರು. ನಮ್ಮೂರ ಹಿರಿಯರೂ ಸೇರಿದರು. ಅರಳಿಕಟ್ಟೆಯಲ್ಲಿ ನ್ಯಾಯ. ಅವನು ಬಂದಿರಲಿಲ್ಲ. ನಡೆದಿಲ್ಲ ಅಂತ ಅವತ್ತು ಯಾರೂ ಹೇಳಲಿಲ್ಲ, ಇದನ್ನು ಗಮನದಲ್ಲಿಡಿ. ಹೇಳಿದ್ದು ಬೇರೆ.

"ಹುಡ್ಗ ತಪ್ಪು ಮಾಡವ್ನೆ. ಆದ್ರೆ ಹೆಂಗಿದ್ರೂ ಅವನ್ಗೇ ಸೇರ್ಬೇಕಾದ್ ಹುಡ್ಗಿ ತಾನೆ? ವಯಸ್ಸು ತುಂಬ್ಲಿ, ತಾಳಿ ಕಟ್ಟುಸ್ಬುಡಾನ. ಎರಡೂ ಮನೆ ಮಾನ ಉಳೀತದೆ."

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಉಪಕಾರ ಮಾಡುತ್ತಿದ್ದೇವೆ ಅಂತಲೇ ಹೇಳಿದರು. ಬೇರೆ ಊರಿನವನಾಗಿದ್ದರೆ ಕೈಕಾಲು ಮುರಿಯುತ್ತಿದ್ದರು. ಸೋದರಮಾವ ಆದ್ದರಿಂದ ಮದುವೆಯಲ್ಲಿ ಮುಗಿಯುತ್ತದೆ ಅಂದುಕೊಂಡರು. ನನಗೆ ಕೂರಲಾಗದೆ ಕಟ್ಟೆಯ ಸುತ್ತ ಸುತ್ತುತ್ತಿದ್ದೆ.

"ಕೂತ್ಕಳಜ್ಜಿ, ತಲೆ ತಿರುಗ್ತದೆ" ಅಂದ ಒಬ್ಬ ಹಿರಿಯ.

"ನಿಮ್ ಮಾತಿಗೆ ತಿರುಗ್ದೆ ಇರೋ ತಲೆ ಯಾವುದಪ್ಪಾ?" ಅಂದೆ.

ಅಷ್ಟರಲ್ಲಿ ಮೊಮ್ಮಗಳು ಶಾಲೆಯಿಂದ ಬರುತ್ತಿದ್ದವಳು ಬ್ಯಾಗು ಬೆನ್ನಿನ ಮೇಲಿರುವಂತೆಯೇ ಕಟ್ಟೆಯ ಮುಂದೆ ನಿಂತಳು. ಹುಡುಗಿಯರು ಬಂದು ನಿಲ್ಲುವ ಜಾಗವಲ್ಲ ಅದು.

"ತಾಳಿ ಆಮೇಲೆ. ಅವ್ನು ಮಾಡಿದ್ದು ತಪ್ಪು, ನಂದೇನೂ ತಪ್ಪಿಲ್ಲ ಅಂತ ಮೊದ್ಲು ಹೇಳಿ. ಎಲ್ರೂ ಕೇಳೋ ಹಂಗೆ ಹೇಳಿ."

ಯಾರೂ ಹೇಳಲಿಲ್ಲ. ಮುಂದಿನ ಅಮಾವಾಸ್ಯೆಗೆ ಮತ್ತೆ ಸೇರೋಣ ಅಂತ ಎದ್ದರು. ಅಮಾವಾಸ್ಯೆ ಬಂತು, ಹೋಯಿತು. ಸಂಕ್ರಾಂತಿ ಕಳೆಯಿತು. ಅಷ್ಟರಲ್ಲಿ ಅವರ ಮನೆಯವರು ಅವನಿಗೆ ಬೇರೆ ಕಡೆ ಹೆಣ್ಣು ನೋಡಿ ನಿಶ್ಚಯ ಮಾಡಿಬಿಟ್ಟರು. ಹುಡುಗಿ ಹೇಳಿದ್ದೆಲ್ಲ ಸುಳ್ಳು ಅಂತ ಹೇಳಿ ಕಳಿಸಿದರು.

ಮೊಮ್ಮಗಳು ಅಳಲಿಲ್ಲ. "ಸ್ಕೂಲಿಗೆ ಒಬ್ರು ಮೇಡಂ ಬಂದು ಹೇಳಿದ್ರು, ಇಂಥದಕ್ಕೆ ಲೇಡೀಸ್ ಪೊಲೀಸ್ ಅವ್ರೆ ಅಂತ. ನಾನು ಹೋಗ್ತೀನಿ. ಯಾರ್ ಬತ್ತೀರಾ?" ಅಂದಳು. ಎಲ್ಲರೂ ಹೋದೆವು, ಸೊಸೆ ಎಲ್ಲರಿಗಿಂತ ಮುಂದೆ. ಸ್ಟೇಷನ್ನಿನಲ್ಲಿದ್ದ ಪೊಲೀಸಮ್ಮ ಯೂನಿಫಾರಂ ಬಿಟ್ಟು ಸೀರೆ ಉಟ್ಟು, ಮಗುವಿನ ಪಕ್ಕದಲ್ಲಿ ಕೂತು ತಮಿಳಿನಲ್ಲಿ ಕೇಳಿದಳು. ಇವಳು ಶಾಲೆಯಲ್ಲಿ ಕಲಿತ ತಮಿಳಿನಲ್ಲಿ ಒಂದೂ ಬಿಡದೆ ಹೇಳಿದಳು. ಅವನನ್ನು ಹಿಡಿದರು. ನಿಶ್ಚಯವಾಗಿದ್ದ ಮದುವೆ ಮುರಿಯಿತು. ಸ್ವಲ್ಪ ಕಾಲಕ್ಕೆ ಜಾಮೀನು ಸಿಕ್ಕಿ ಹೊರಗೆ ಬಂದ.

ಆಮೇಲಿನ ವರ್ಷಗಳನ್ನು ಹೇಗೆ ಬರೆಯಬೇಕೋ ಗೊತ್ತಿಲ್ಲ. ವಾಯಿದೆ, ವಾಯಿದೆಯ ಮೇಲೆ ವಾಯಿದೆ. ಕತ್ತಲಿರುವಾಗಲೇ ಪುಳಿಯೋಗರೆ ಕಟ್ಟಿಕೊಂಡು ಬೇರಿಕೆಯಿಂದ ಹೊಸೂರು, ಹೊಸೂರಿನಿಂದ ಕೃಷ್ಣಗಿರಿ. ಅಲ್ಲಿ ಹೋದರೆ ಇವತ್ತಿಲ್ಲ ಅನ್ನುತ್ತಾರೆ. ಕೋರ್ಟಿನ ಮುಂದಿನ ಮರದ ಕೆಳಗೆ ತಿಂದು ವಾಪಸು. ಮನೆಯಲ್ಲಿದ್ದರೂ ಬಸ್ಸಿನಲ್ಲಿದ್ದ ಹಾಗೇ, ಮೈಯೊಳಗೆ ಏನೋ ಕುಲುಕುತ್ತಲೇ ಇತ್ತು. ಸೊಸೆಗೆ ತವರಿನ ಬಾಗಿಲು ಮುಚ್ಚಿತು. ಊರಿನಲ್ಲಿ ಕೆಲವರು ಶುಭಕಾರ್ಯಕ್ಕೆ ನಮ್ಮನ್ನು ಕರೆಯುವುದು ಬಿಟ್ಟರು.

ಮೊಮ್ಮಗಳು ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಾದ ದಿನ ಹತ್ತಿರ ಬಂದಾಗ ಊಟ ಬಿಟ್ಟಳು. ಹೊಟ್ಟೆನೋವು ಅಂದಳು. ಒಂದು ದಿನ, "ಸಾಕಜ್ಜಿ. ಬಿಟ್ಬುಡಾನ" ಅಂದಳು.

"ಬಿಟ್ಬುಡಾನ ಅಂದ್ರೆ ಬಿಟ್ಬುಡಾನ. ನೀನ್ ಹೇಳ್ದಂಗೆ" ಅಂದೆ. ನನ್ನ ಎದೆಯಲ್ಲಿ ಒನಕೆ ಕುಟ್ಟುತ್ತಿತ್ತು, ಆದರೂ ಅಷ್ಟೇ ಅಂದೆ. ಮೈ ಅವಳದು, ಮಾತು ಅವಳದು. ಅವಳು ಎದ್ದು ಹೊಲದ ಕಡೆ ಹೋದಳು. ತಿರುಗಿ ಬಂದಾಗ ಕಾಲೆಲ್ಲ ಮಣ್ಣು.

"ಬಿಟ್ರೆ ಅವ್ನು ಹೇಳಿದ್ದೇ ನಿಜಾಗೋಯ್ತದೆ. ಅನ್ನ ಹಾಕಜ್ಜಿ" ಅಂದಳು.

ಅವಳು ಪರದೆಯ ಹಿಂದಿನಿಂದ, ಅವನ ಮುಖ ಕಾಣದ ಹಾಗೆ, ಸಾಕ್ಷಿ ಹೇಳಿದಳು. ನಾವೆಲ್ಲ ಹೊರಗೆ. ಬಾಗಿಲು ಮುಚ್ಚಿತ್ತು. ಹೊರಗೆ ಬಂದವಳು ಒಂದು ಬಾಟಲಿ ನೀರು ಪೂರ್ತಿ ಕುಡಿದು ನನ್ನ ಮಡಿಲಲ್ಲಿ ತಲೆಯಿಟ್ಟು ಬೆಂಚಿನ ಮೇಲೆ ನಿದ್ದೆ ಹೋದಳು.

ಅವನ ಕಡೆಯ ವಕೀಲರು ಕಟ್ಟಿದ ಕಥೆ ಇದು. ಹುಡುಗಿಯ ಮನೆಯವರಿಗೆ ಸೋದರಮಾವನಿಗೇ ಮದುವೆ ಮಾಡುವ ಆಸೆ ಇತ್ತು. ಅವನು ಬೇರೆ ಹೆಣ್ಣು ಒಪ್ಪಿದ. ಆ ಸೇಡಿಗೆ ನಿಶ್ಚಯವಾದ ಮೇಲೆ ದೂರು ಕೊಟ್ಟರು. ಅದಕ್ಕೆ ಮೊದಲು ಎರಡು ಮನೆಯವರೂ ಚೆನ್ನಾಗೇ ಇದ್ದರು. ದೂರು ಕೊಟ್ಟಿದ್ದು ನಿಶ್ಚಯದ ನಂತರ ಅನ್ನುವುದು ನಿಜವೇ. ಅರಳಿಕಟ್ಟೆಯಲ್ಲಿ ಕೂತ ಹಿರಿಯರು ಯಾರೂ ಬಂದು ಅವತ್ತಿನ ಮಾತು ಹೇಳಲು ಒಪ್ಪಲಿಲ್ಲ. ನಮ್ಮ ಕಡೆಯ ಸರ್ಕಾರಿ ವಕೀಲಮ್ಮ ತಲೆಗೆ ಕೈಯಿಟ್ಟು ಕೂತರು.

"ನಿಶ್ಚಯಕ್ಕೆ ಮೊದಲೇ ನಿಮ್ಮ ಮನೆಯವರಿಗೆ ಗೊತ್ತಿತ್ತು ಅನ್ನುವುದಕ್ಕೆ ಹೊರಗಿನವರು ಯಾರಾದರೂ ಇದ್ದಾರಾ ಪಾಟಿ?" ಅಂತ ಕೇಳಿದರು. ಅವರು ತಮಿಳಿನವರು, ನನ್ನನ್ನು ಪಾಟಿ ಅಂತಲೇ ಕರೆಯುತ್ತಿದ್ದರು, ಅಂದರೆ ಅಜ್ಜಿ.

ನನಗೆ ಸಿಟ್ಟು ಬಂತು. "ಗೊತ್ತಿಲ್ದೆ ಇದ್ದಿದ್ರೆ ಈ ವಯಸ್ಸಲ್ಲಿ ನಾನ್ಯಾಕೆ ಸೊಪ್ಪು ಹೊತ್ಕಂಡ್ ಬಂದು ಗುಡ್ಲು ಹಾಕ್ಬೇಕಾಗಿತ್ತಮ್ಮಾ?" ಅಂದೆ.

ವಕೀಲಮ್ಮ ತಲೆಯಿಂದ ಕೈ ತೆಗೆದರು. "ಏನಂದಿರಿ? ಗುಡಿಸಲು ನೀವು ಹಾಕಿದಿರಾ? ತಾಯಿಯ ತಮ್ಮ ಬದುಕಿರುವಾಗ?" ಅವರ ಕಡೆಯೂ ಇದೇ ಪದ್ಧತಿ. ಸೋದರಮಾವ ಸತ್ತಿದ್ದರೆ ದೂರದ ಸೋದರಮಾವನನ್ನಾದರೂ ಹುಡುಕಿ ತರುತ್ತಾರೆ ಹೊರತು ಅಜ್ಜಿ ಗುಡ್ಲು ಹಾಕುವುದಿಲ್ಲ. ಬದುಕಿರುವ ಸೋದರಮಾವನನ್ನು ಬಿಟ್ಟು ಗುಡ್ಲು ಎದ್ದಿದೆ ಅಂದರೆ, ಮದುವೆಗೆ ಅವನನ್ನೇ ಬಯಸಿದ ಮನೆಯಲ್ಲ ಅದು, ಅವನನ್ನು ಹೊರಗೆ ಹಾಕಿದ ಮನೆ. ಅದೂ ರಾಗಿ ಕೊಯ್ಲಿನಲ್ಲಿ, ನಿಶ್ಚಯದ ಸುದ್ದಿಯೇ ಇಲ್ಲದಾಗ. ನನಗೆ ಇದೆಲ್ಲ ಹೊಳೆದಿರಲಿಲ್ಲ. ಅಂಗಳದಲ್ಲಿ ಎಲ್ಲರೂ ನೋಡಿದ ವಿಷಯ, ಅದನ್ನು ಕೋರ್ಟಿಗೆ ಏನು ಹೇಳುವುದು ಅಂತ ಸುಮ್ಮನಿದ್ದೆ.

"ಯಾರು ನೋಡಿದ್ದಾರೆ?"

"ಊರೇ ನೋಡದೆ. ನಕ್ಕದೆ."

"ಬಂದು ಹೇಳುವವರು ಯಾರು?"

ಊರಿಗೆ ಬಂದವಳೇ ಎದುರು ಮನೆಗೆ ಹೋದೆ. ಅವಳು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು.

"ಅಮ್ಮಯ್ಯಾ, ಕೋರ್ಟು ಗೀರ್ಟು ನನ್ ಕೈಲಾಗಲ್ಲ" ಅಂದಳು ನಾನು ಪೂರ್ತಿ ಹೇಳುವ ಮೊದಲೇ.

"ಇಷ್ಟ್ ವರ್ಷದಿಂದ ಊರ್ಗೆಲ್ಲಾ ಹೇಳ್ಕಂಡು ನಗ್ತಿದ್ದೆಯಲ್ಲ, ಅದ್ನೇ ಜಡ್ಜಮ್ಮನ ಮುಂದೆ ಒಂದ್ಸಲ ಹೇಳು."

"ನಕ್ಕೊಂಡೇ ಹೇಳ್ಬೇಕಾ?"

"ನಗ್ದೇನೂ ಹೇಳ್ಬೋದು."

ಅವಳು ಬೀಜ ತೆಗೆಯುವುದು ನಿಲ್ಲಿಸಿದಳು. "ಅವತ್ತು ನಂಗೆ ವಿಷ್ಯ ಗೊತ್ತಿರ್ಲಿಲ್ಲ ಕಣಕ್ಕ" ಅಂದಳು. ಆಮೇಲೆ, "ಯಾವ್ ಸೀರೆ ಉಡ್ಲಿ?" ಅಂದಳು.

ಮೊದಲು ನನ್ನ ಸರದಿ. ನಾನು ತಮಿಳಿನಲ್ಲಿ ಶುರು ಮಾಡಿದೆ. ಅವನ ವಕೀಲರು ಕೆಣಕಿದಾಗ ಕನ್ನಡಕ್ಕೆ ಬಂದೆ. ಇನ್ನೂ ಕೆಣಕಿದಾಗ ತೆಲುಗಿಗೆ ಹೋದೆನಂತೆ, ನನಗೆ ಗೊತ್ತಾಗಲಿಲ್ಲ. ಜಡ್ಜಮ್ಮ, "ಯಾವುದಾದರೂ ಒಂದರಲ್ಲಿ ಹೇಳಿ, ನಿಧಾನವಾಗಿ ಹೇಳಿ" ಅಂದರು. ನಿಧಾನವಾಗಿ ಹೇಳಿದೆ. ಸೊಪ್ಪು ಯಾವ ಮರದ್ದು, ಗಳ ಎಲ್ಲಿ ನೆಟ್ಟೆ, ಅವನನ್ನು ಯಾಕೆ ಕರೆಯಲಿಲ್ಲ, ಎಲ್ಲ.

ಎದುರು ಮನೆಯವಳು ಹೇಳುವಾಗ ನನ್ನನ್ನು ಹೊರಗೆ ಕಳಿಸಿದ್ದರು. ಅವಳೇ ಬಂದು ಹೇಳಿದ್ದನ್ನು ಬರೆಯುತ್ತೇನೆ, ಹೇಳಿದಾಗಲೆಲ್ಲ ಸ್ವಲ್ಪ ಬೆಳೆಯುತ್ತದೆ. ಗುಡಿಸಲನ್ನು ಈ ಅಜ್ಜಿಯೇ ಹಾಕಿದ್ದು ಅಂತ ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಅಂತ ಅವನ ವಕೀಲರು ಕೇಳಿದರಂತೆ.

"ಸೊಟ್ಟಗಿತ್ತು ಸಾಮಿ. ಗುಡ್ಲು ಹಾಕಿ ಅಭ್ಯಾಸ ಇರೋರು ಹಂಗ್ ಹಾಕಲ್ಲ" ಅಂದಳಂತೆ. "ನಾನೇ ಆಡ್ಕಂಡು ನಕ್ಕೆ. ಮಾವನ್ನ ಯಾಕ್ ಕರೀಲಿಲ್ಲ ಅಂತ ಕೇಳ್ದೆ. ಬರಲ್ಲ ಅಂದ್ಲು. ಅವ್ಳ ಮೊಖ ಸರಿಯಾಗಿ ನೋಡಿದ್ದಿದ್ರೆ ನಾನು ನಗ್ತಿರ್ಲಿಲ್ಲ ಸಾಮಿ."

ನಿನ್ನೆ ತೀರ್ಪು. ನಾವು ಹೋಗುವ ಹೊತ್ತಿಗೆ ಸೊಸೆಯ ತಾಯಿ, ನನ್ನ ಬೀಗಿತಿ, ಕೋರ್ಟಿನ ಮುಂದಿನ ಮರದ ಕೆಳಗೆ ಒಬ್ಬಳೇ ನಿಂತಿದ್ದಳು. ಸೊಸೆ ಅವಳ ಕಡೆ ನೋಡಿ ಹೆಜ್ಜೆ ನಿಲ್ಲಿಸಿದಳು. ಬೀಗಿತಿ ಮುಖ ತಿರುಗಿಸಿದಳು. ಮೊಮ್ಮಗಳು ತಾಯಿಯ ಬೆರಳು ಹಿಡಿದು ಒಳಗೆ ನಡೆಸಿದಳು. ಪ್ಲಸ್ ಟು, ಅಂದರೆ ಹನ್ನೆರಡನೇ ಕ್ಲಾಸು ಓದುತ್ತಿದ್ದಾಳೆ ಈಗ, ನಮ್ಮೆಲ್ಲರಿಗಿಂತ ಎತ್ತರ.

ಒಳಗೆ ನಾನು ಕೂರುವುದು, ಏಳುವುದು. ಪೇದೆಯೊಬ್ಬ ಕಣ್ಣು ಬಿಟ್ಟ. ಮತ್ತೆ ಕೂತೆ. ಸೊಸೆಯ ತಮ್ಮ ಆ ಕಡೆ ತಲೆ ತಗ್ಗಿಸಿ ನಿಂತಿದ್ದ. ಜಡ್ಜಮ್ಮ ತಮಿಳಿನಲ್ಲಿ ಓದಿದರು. ಎಷ್ಟು ವರ್ಷ, ಯಾವ ಸೆಕ್ಷನ್ನು, ಅದೆಲ್ಲ ನನ್ನ ಕಿವಿಗೆ ಬಿದ್ದು ಹೊರಗೆ ಹೋಯಿತು. ಉಳಿದಿದ್ದು ಎರಡು ಮಾತು. ಮಗು ಮೊದಲಿನಿಂದ ಕೊನೆಯವರೆಗೂ ಹೇಳಿದ್ದನ್ನು ನಂಬಬೇಕು ಅಂದರು. ಸೋದರಮಾವನನ್ನು ಕರೆಯದೆ ಅಜ್ಜಿಯೇ ಗುಡಿಸಲು ಹಾಕಿದ್ದು ಆ ಮಾತಿಗೆ ಬಲ ಕೊಡುತ್ತದೆ ಅಂದರು. ನಾನು ಮತ್ತೆ ಎದ್ದು ನಿಂತೆ. ಈ ಸಲ ಪೇದೆ ಸುಮ್ಮನಿದ್ದ.

ಹೊರಗೆ ಬಂದು ಮೊಮ್ಮಗಳು ವಕೀಲಮ್ಮನನ್ನು ಒಂದೇ ಪ್ರಶ್ನೆ ಕೇಳಿದಳು. "ಇನ್ನು ಯಾರಾದರೂ ಬಂದು ಮೊದಲಿಂದ ಹೇಳು ಅಂತಾರಾ ಮೇಡಂ?"

"ಅವರು ಮೇಲಿನ ಕೋರ್ಟಿಗೆ ಹೋಗಬಹುದು ಕಣ್ಣಾ. ಹೋದರೂ ಸಾಮಾನ್ಯವಾಗಿ ನಿನ್ನನ್ನು ಮತ್ತೆ ಕರೆಯುವುದಿಲ್ಲ. ನೀನು ಹೇಳಿದ್ದು ಬರೆದಿದೆ."

ಮೊಮ್ಮಗಳು ಉಸಿರು ಬಿಟ್ಟಳು. ಅಷ್ಟು ಉದ್ದದ ಉಸಿರು ಅವಳ ಎದೆಯೊಳಗಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ. ಆಮೇಲೆ, "ಅಜ್ಜೀ, ಹಸಿವು" ಅಂದಳು.

ಹೊಸೂರಿನಲ್ಲಿ ಇಳಿದು ಮಗ ಸ್ವೀಟ್ ಕಟ್ಟಿಸಿದ. ಮನೆಗೆ ಬಂದ ತಕ್ಷಣ ನಾಟಿ ಕೋಳಿ ಹಿಡಿಯಲು ನಾನೇ ಓಡಿದೆ. ಕೋಳಿಗೆ ನನಗಿಂತ ಆತುರ, ಹಿತ್ತಿಲೆಲ್ಲ ನನ್ನನ್ನು ಓಡಿಸಿತು. ಕೊನೆಗೆ ಎದುರು ಮನೆಯವಳು ಬಂದು ಹಿಡಿದುಕೊಟ್ಟಳು. ಹಿಡಿದುಕೊಟ್ಟವಳು ಹೋಗಲಿಲ್ಲ, ಮಸಾಲೆ ರುಬ್ಬಲು ಕೂತಳು. ನಾನು ಮುದ್ದೆ ತೊಳಸಿದೆ. ಸೊಸೆ ಸಾರಿನ ಮುಂದೆ ಕೂತಿದ್ದಳು. ಅವಳು ಗೆದ್ದ ಮಗಳ ತಾಯಿ, ಜೈಲಿಗೆ ಹೋದವನ ಅಕ್ಕ. ಎರಡೂ ಒಂದೇ ಮೈಯೊಳಗೆ. ಹಿಗ್ಗು ಅಂತ ನಾನು ಕುಣಿಯುತ್ತಿದ್ದರೂ ಅವಳ ಕಡೆ ನೋಡಿದಾಗಲೆಲ್ಲ ಮುದ್ದೆ ಕೋಲು ಕೈಯಲ್ಲೇ ನಿಲ್ಲುತ್ತಿತ್ತು.

ಎಲೆ ಹಾಕಿದೆವು. ಮಗ, ಮೊಮ್ಮಗಳು, ಎದುರು ಮನೆಯವಳು, ನಾನು ಕೂತೆವು. ಸೊಸೆ ಬಡಿಸುತ್ತಿದ್ದಳು. ಅವಳ ಫೋನು ಹೊಡೆದುಕೊಂಡಿತು. ಯಾರು ಅಂತ ಅವಳ ಮುಖ ನೋಡಿಯೇ ಗೊತ್ತಾಯಿತು. ವರ್ಷಗಳಿಂದ ಬಾರದ ತವರಿನ ಫೋನು. ಮಗ ಎಲೆಗೆ ಹಾಕಿದ್ದ ಕೈ ತೆಗೆದ. ಸೊಸೆ ಕಿವಿಗಿಟ್ಟುಕೊಂಡಳು. ಆ ಕಡೆಯಿಂದ ಜೋರು ಅಳು, ಬೈಗುಳ, ನಮಗೂ ಕೇಳಿಸುತ್ತಿತ್ತು. ಸೊಸೆ ತಡೆಯಲಿಲ್ಲ, ಪೂರ್ತಿ ಕೇಳಿದಳು.

"ಊಟ ಮಾಡ್ತಾ ಇದೀವವ್ವಾ" ಅಂದಳು ಕೊನೆಗೆ. "ನೀನೂ ಏನಾದ್ರೂ ತಿನ್ನು. ನಾಳೆ ಮಾತಾಡ್ತೀನಿ."

ಫೋನು ಇಟ್ಟು ಸಾರಿನ ಪಾತ್ರೆಗೆ ಕೈ ಹಾಕಿದಳು. ಮೊಮ್ಮಗಳು ಎದ್ದು ಪಾತ್ರೆ ಕಸಿದುಕೊಂಡು ನಡುವೆ ಇಟ್ಟಳು.

"ಕೂತ್ಕಳಮ್ಮಾ."

"ಎಲ್ರೂ ಕೂತ್ರೆ ಬಡ್ಸೋರ್ಯಾರೇ?"

"ಬೇಕಾದೋರು ಹಾಕ್ಕಳ್ಲಿ. ಕೂತ್ಕೋ."

ಸೊಸೆ ಮಗಳ ಪಕ್ಕದಲ್ಲಿ ಕೂತಳು. ಗಂಡ ಉಂಡ ಮೇಲೆ ಉಣ್ಣುವ ಹೆಣ್ಣು ಅವಳು. ಮಗ ಒಂದು ಮುದ್ದೆ ತೆಗೆದು ಅವಳ ಎಲೆಗೆ ಹಾಕಿದ. ಎದುರು ಮನೆಯವಳು, "ಅಕ್ಕ, ಕೋಳಿ ಹಿಡ್ದೋಳ್ಗೆ ತೊಡೆ ಕೊಡೋದು ಪದ್ಧತಿ" ಅಂದಳು. "ಯಾವೂರ ಪದ್ಧತೀನೇ ಅದು?" ಅಂದೆ. ಮೊಮ್ಮಗಳು ಎರಡನೇ ಮುದ್ದೆಗೆ ಕೈ ಚಾಚಿದಳು. ಅವಳ ತಾಯಿ ಮೊದಲ ತುತ್ತು ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡಳು. ಕಣ್ಣಲ್ಲಿ ನೀರು ಸುರಿಯುತ್ತಲೇ ಇತ್ತು, ಆದರೂ ಕೈ ನಿಲ್ಲಿಸದೆ ಉಂಡಳು. ನಾವೆಲ್ಲರೂ ಉಂಡೆವು.